ಆಲ್ ವೀಲ್ ಡ್ರೈವ್ ಕಾರಿಗೆ ವಿಂಟರ್ ಟೈರ್ ಬೇಕಾ? ಟೊರೊಂಟೊ ಸುತ್ತಮುತ್ತ ಇರುವವರಿಗೆ ಒಂದು ಲೆಕ್ಕಾಚಾರ

ಅಕ್ಟೋಬರ್ ಬಂತು ಅಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಅಣ್ಣಾ, ನಂದು ಆಲ್ ವೀಲ್ ಡ್ರೈವ್. ವಿಂಟರ್ ಟೈರ್ ಬೇಕಾಗಲ್ಲ ಅಲ್ವಾ?" ಕೇಳುವ ಧಾಟಿಯಲ್ಲೇ ಉತ್ತರ ಇರುತ್ತದೆ. ಬೇಡ ಬಿಡಪ್ಪ ಅಂತ ಯಾರಾದರೂ ಒಬ್ಬರು ಹೇಳಿಬಿಟ್ಟರೆ ಸಾವಿರ ಡಾಲರ್ ಉಳಿಯಿತು ಅನ್ನುವ ಆಸೆ. ತಪ್ಪೇನಿಲ್ಲ, ನಾನೂ ಹಾಗೇ ಕೇಳಿದವನು. ಕಾರು ಮಾರಿದವನು ನಗುತ್ತಾ "ಇದಕ್ಕೆ ಬೇಡ" ಅಂದ, ನಾನು ಅದನ್ನೇ ವೇದವಾಕ್ಯ ಮಾಡಿಕೊಂಡೆ.

ಆ ಜನವರಿಯ ಒಂದು ಬೆಳಿಗ್ಗೆ ಮೈನಸ್ 2 ಡಿಗ್ರಿ ಇತ್ತು. ಹಿಂದಿನ ದಿನ ಸ್ವಲ್ಪ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಅದರ ಮೇಲೆ ಎರಡು ಇಂಚು ಹೊಸ ಹಿಮ. ಡ್ರೈವ್‌ವೇಯಿಂದ ಕಾರು ಬೆಣ್ಣೆಯಂತೆ ಈಚೆ ಬಂತು. ಒಂದು ಚಕ್ರವೂ ಜಾರಲಿಲ್ಲ. ಆಹಾ ಅಂದುಕೊಂಡು ನಮ್ಮ ಬೀದಿಯ ಇಳಿಜಾರಿನಲ್ಲಿ 30ರಲ್ಲಿ ಹೋಗಿ ಸ್ಟಾಪ್ ಸೈನ್ ಹತ್ತಿರ ಬ್ರೇಕ್ ಒತ್ತಿದೆ. ಪೆಡಲ್ಲು ಗರ್ರ್ ಗರ್ರ್ ಅಂತ ಕಾಲನ್ನೇ ತಳ್ಳತೊಡಗಿತು, ಕಾರು ಮಾತ್ರ ನಿಲ್ಲಲಿಲ್ಲ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಕಾರು ನೇರವಾಗಿಯೇ ಹೋಗುತ್ತಿದೆ! ಕೊನೆಗೆ ಫುಟ್‌ಪಾತಿನ ಅಂಚಿಗೆ ಮುಂದಿನ ಚಕ್ರ ಬಡಿದು ನಿಂತಿತು. ಯಾರೂ ಅಡ್ಡ ಬರಲಿಲ್ಲ, ಪುಣ್ಯ. ರಿಮ್ಮು ಸೊಟ್ಟ, ಒಳಗೆ ಕಂಟ್ರೋಲ್ ಆರ್ಮ್ ಅನ್ನೋದೂ ಸೊಟ್ಟ. ಬಿಲ್ಲು 870 ಡಾಲರ್. ನನ್ನ ಇನ್ಶೂರೆನ್ಸಿನಲ್ಲಿ ಮೊದಲ ಸಾವಿರ ನನ್ನದೇ ಕೈಯಿಂದ, ಹಾಗಾಗಿ ಪೂರ್ತಿ ನಾನೇ ಕಟ್ಟಿದೆ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ತಪ್ಪು ಎಲ್ಲಿ ಆಯಿತು ಅನ್ನೋದು ಸ್ಟಾಪ್ ಸೈನಿನಲ್ಲಿಲ್ಲ, ಡ್ರೈವ್‌ವೇನಲ್ಲಿದೆ. ನನ್ನ ಹಳೇ ಕೊರೊಲ್ಲಾ ಆಗಿದ್ದರೆ ಅಲ್ಲೇ ಮುಂದಿನ ಚಕ್ರ ಗಿರಗಿರ ಸುತ್ತಿ, "ಮಾರಾಯ, ಇವತ್ತು ನೆಲ ಸರಿ ಇಲ್ಲ" ಅಂತ ಹೇಳಿಬಿಡುತ್ತಿತ್ತು. ನಾನು ಬಸ್ಸಿಗೆ ಹೋಗುತ್ತಿದ್ದೆ, ಇಲ್ಲವೇ 15ರಲ್ಲಿ ಹೋಗುತ್ತಿದ್ದೆ. ಆಲ್ ವೀಲ್ ಡ್ರೈವ್ ಆ ಸುದ್ದಿಯನ್ನು ನನಗೆ ಮುಟ್ಟಿಸಲೇ ಇಲ್ಲ.

ಹಾಗಾಗಿ ಫೋನಿನಲ್ಲಿ ಹೌದು, ಇಲ್ಲ ಅಂತ ಹೇಳೋದು ಬಿಟ್ಟಿದ್ದೇನೆ. ಈ ಕೆಳಗಿನದನ್ನು ಒಂದೊಂದಾಗಿ ಮಾಡಿ, ನಿಮಗೇ ಗೊತ್ತಾಗುತ್ತದೆ.

ಮೊದಲು: ನಿಮ್ಮ ಕಾರು ಏನು ಮಾಡುತ್ತೆ, ಏನು ಮಾಡಲ್ಲ

ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರದ ಬದಲು ನಾಲ್ಕಕ್ಕೂ ಹಂಚುವುದು, ಅಷ್ಟೇ ಆಲ್ ವೀಲ್ ಡ್ರೈವ್ ಮಾಡುವ ಕೆಲಸ. ಹೊರಡುವಾಗ, ಏರು ಹತ್ತುವಾಗ, ಹಿಮದಲ್ಲಿ ಹೂತ ಕಾರನ್ನು ಈಚೆ ತೆಗೆಯುವಾಗ ಇದು ನಿಜಕ್ಕೂ ದೊಡ್ಡ ಉಪಕಾರ. ಬ್ರೇಕ್ ವಿಷಯಕ್ಕೆ ಬಂದರೆ ಲೋಕದ ಎಲ್ಲ ಕಾರುಗಳೂ ನಾಲ್ಕು ಚಕ್ರದಲ್ಲೇ ಬ್ರೇಕ್ ಹಾಕೋದು. ಪಕ್ಕದ ಮನೆಯವರ ಹತ್ತು ವರ್ಷದ ಸಿವಿಕ್ ಕೂಡ. ಅಲ್ಲಿ ನಿಮ್ಮ ಕಾರಿಗೆ ಹೆಚ್ಚುವರಿ ಏನೂ ಸಿಗಲ್ಲ.

ನಮ್ಮವರ ಹತ್ತಿರ ಜಾಸ್ತಿ ಇರೋದು ಸಿಆರ್‌ವಿ, ರಾವ್4 ಥರದ ಗಾಡಿ. ಇವು ಬಹುಪಾಲು ಸಮಯ ಮುಂದಿನ ಚಕ್ರದಲ್ಲೇ ಓಡಿ, ಬೇಕಾದಾಗ ಹಿಂದಿನದಕ್ಕೂ ಶಕ್ತಿ ಕಳಿಸುತ್ತವೆ. ಹೈಬ್ರಿಡ್ ರಾವ್4ನಲ್ಲಿ ಹಿಂದಿನ ಚಕ್ರಕ್ಕೆ ಬೇರೆಯೇ ಒಂದು ಎಲೆಕ್ಟ್ರಿಕ್ ಮೋಟಾರ್. ಸುಬಾರು ಆದರೆ ಸದಾ ನಾಲ್ಕೂ ಚಕ್ರಕ್ಕೆ. ಪಿಕಪ್ ಟ್ರಕ್ಕಿನಲ್ಲಿ ನೀವೇ ಗುಂಡಿ ತಿರುಗಿಸಿ ಫೋರ್ ವೀಲ್ ಹಾಕಬೇಕು. ಯಾವುದೇ ಇರಲಿ, ನಿಲ್ಲುವ ವಿಷಯದಲ್ಲಿ ಎಲ್ಲ ಒಂದೇ.

ನಾನು ಮಲೆನಾಡಿನವನು. ನಮ್ಮ ಕಡೆ ತೋಟದ ರಸ್ತೆಗೆ ಮಳೆಗಾಲದಲ್ಲಿ ಜೀಪು ಇಳಿಸುವ ಮುಂಚೆ ಚಕ್ರಕ್ಕೆ ಚೈನ್ ಸುತ್ತುತ್ತಿದ್ದರು. ಫೋರ್ ವೀಲ್ ಜೀಪು, ಅದಕ್ಕೆ ಬಟನ್ ಟೈರು, ಅದರ ಮೇಲೂ ಚೈನು. ಡ್ರೈವರಣ್ಣ ಕೆಸರಲ್ಲಿ ಕೂತು ಕೊಕ್ಕೆ ಸಿಕ್ಕಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಫೋರ್ ವೀಲ್ ಇದ್ದಮೇಲೆ ಚೈನ್ ಯಾಕೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕೆನಡಾಕ್ಕೆ ಬಂದ ಮೇಲೆ ನನಗೆ ಯಾಕೆ ಮರೆತುಹೋಯಿತೋ ಗೊತ್ತಿಲ್ಲ.

ಎರಡನೆಯದು: ಹೊರಗೆ ಹೋಗಿ ಈಗಿನ ಟೈರ್ ಓದಿ

ಸುಮ್ನೆ ಹೇಳ್ತಿಲ್ಲ, ನಿಜವಾಗಲೂ ಹೋಗಿ, ಫೋನಿನ ಟಾರ್ಚ್ ಹಿಡಿದು ಟೈರಿನ ಪಕ್ಕ ನೋಡಿ. ಎರಡು ಗುರುತು ಹುಡುಕಬೇಕು.

ಒಂದು, ಎಂ ಪ್ಲಸ್ ಎಸ್ ಅನ್ನೋ ಅಕ್ಷರ. ಮಡ್ ಆ್ಯಂಡ್ ಸ್ನೋ ಅಂತ ಅರ್ಥ. ಹೊಸ ಕಾರಿನ ಜೊತೆ ಬರುವ ಬಹುತೇಕ ಆಲ್ ಸೀಸನ್ ಟೈರಿನ ಮೇಲೆ ಇದು ಇರುತ್ತದೆ. ಇದನ್ನು ನೋಡಿ ಖುಷಿಪಡಬೇಡಿ. ಟೈರಿನ ಗೆರೆಗಳ ಆಕಾರ ಹೀಗಿದೆ ಅಂತ ಮಾತ್ರ ಇದರ ಅರ್ಥ, ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ್ದಾರೆ ಅಂತ ಅಲ್ಲ.

ಇನ್ನೊಂದು, ಮೂರು ತುದಿಯ ಬೆಟ್ಟದ ಚಿತ್ರ, ಅದರೊಳಗೆ ಹಿಮದ ಹರಳು. 1999ರಲ್ಲಿ ಬಂದ ಗುರುತು. ಇದು ಸಿಗಬೇಕಾದರೆ ಒತ್ತಿದ ಹಿಮದ ಮೇಲೆ ಆ ಟೈರು ಒಂದು ಮಾದರಿ ಟೈರಿಗಿಂತ ಕನಿಷ್ಠ 10 ಪರ್ಸೆಂಟ್ ಹೆಚ್ಚು ಎಳೆತ ತೋರಿಸಬೇಕು. ಇದರಲ್ಲೂ ಒಂದು ಕೊಂಕು ಇದೆ: ಆ ಪರೀಕ್ಷೆ ಮುಂದಕ್ಕೆ ಎಳೆಯೋದರದ್ದು, ಬ್ರೇಕಿನದ್ದಲ್ಲ, ಐಸಿನದ್ದೂ ಅಲ್ಲ. ಆದರೂ ಈ ಚಿತ್ರ ಇರೋದು ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಆಮೇಲೆ ಟ್ರೆಡ್, ಅಂದರೆ ಟೈರಿನ ಮೇಲಿನ ಗೆರೆ, ಎಷ್ಟು ಆಳ ಉಳಿದಿದೆ ನೋಡಿ. ಅಳೆಯುವ ಸಣ್ಣ ಗೇಜು ಕೆಲವೇ ಡಾಲರಿಗೆ ಸಿಗುತ್ತದೆ. ಹೊಸ ವಿಂಟರ್ ಟೈರಿನಲ್ಲಿ 8, 9 ಮಿ.ಮೀ. ಆಸುಪಾಸು ಇರುತ್ತದೆ. 4 ಮಿ.ಮೀ. ಹತ್ತಿರ ಸವೆದ ಟೈರನ್ನು ಹಿಮದ ರಸ್ತೆಗೆ ಇಳಿಸಬೇಡಿ ಅಂತ ಟ್ರಾನ್ಸ್‌ಪೋರ್ಟ್ ಕೆನಡಾದವರೇ ಹೇಳುತ್ತಾರೆ. ಅಷ್ಟು ಸವೆದಿದ್ದರೆ ನಿಮ್ಮ ಪ್ರಶ್ನೆಯೇ ಬದಲಾಯಿತು. ಹೇಗೂ ಹೊಸ ಟೈರು ಕೊಳ್ಳಲೇಬೇಕು, ಯಾವುದು ಅನ್ನೋದಷ್ಟೇ ಬಾಕಿ.

ಪಕ್ಕದಲ್ಲೇ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವವರು ಇದನ್ನು ನೋಡದೆ ದುಡ್ಡು ಕೊಡಬೇಡಿ. ನೋಡೋಕೆ ಹೊಸದರಂತೆ ಇದ್ದರೂ ವರ್ಷ ಕಳೆದ ಹಾಗೆ ರಬ್ಬರ್ ಗಟ್ಟಿಯಾಗಿಬಿಡುತ್ತದೆ, ಮೆದು ರಬ್ಬರ್ ಬೇಕು ಅಂತಲೇ ಅಲ್ವಾ ವಿಂಟರ್ ಟೈರ್ ಕೊಳ್ಳೋದು.

ರಬ್ಬರಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಫ್ರಿಜ್ಜಿನಿಂದ ತೆಗೆದ ಬೆಣ್ಣೆಗೂ ಅಡುಗೆ ಕಟ್ಟೆ ಮೇಲೆ ಇಟ್ಟ ಬೆಣ್ಣೆಗೂ ಎಷ್ಟು ವ್ಯತ್ಯಾಸ! ಸಾಧಾರಣ ಟೈರು ಚಳಿಗೆ ಹಾಗೇ ಬಿಗಿಯಾಗುತ್ತಾ ಹೋಗುತ್ತದೆ, ಸುಮಾರು 7 ಡಿಗ್ರಿಗಿಂತ ಕೆಳಗೆ ಅದರ ಹಿಡಿತ ಇಳಿಯತೊಡಗುತ್ತದೆ ಅನ್ನೋದು ಇಲ್ಲಿಯ ಟೈರ್ ಅಂಗಡಿಯವರ ರೂಢಿ ಲೆಕ್ಕ. ವಿಂಟರ್ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗೇ ಇರುತ್ತದೆ. ಅದರ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳು ನೂರಾರು ಇರುತ್ತವೆ. ಉಗುರಿನಿಂದ ಒತ್ತಿ ನೋಡಿ, ಸೀಳು ಬಾಯಿ ಬಿಡುತ್ತದೆ. ಹಿಮವನ್ನು ಕಚ್ಚಿ ಹಿಡಿಯೋದು ಅವೇ.

ಈ ಕೆಲಸ ಹಳೆಯದು. ಫಿನ್‌ಲ್ಯಾಂಡಿನ ನೋಕಿಯನ್ ಕಂಪನಿಯ ಮೊದಲಿನವರು 1934ರಲ್ಲೇ ಲಾರಿಗೆ ವಿಂಟರ್ ಟೈರ್ ಮಾಡಿದ್ದರು, 1936ರಲ್ಲಿ ಹಕ್ಕಪೆಲಿಟ್ಟ ಅನ್ನುವ ಹೆಸರು ಬಂತು, ಅದೇ ಹೆಸರಿನ ಟೈರ್ ಇವತ್ತಿಗೂ ಇಲ್ಲಿ ಸಿಗುತ್ತದೆ. ನಮ್ಮೂರ ಯಾವುದೋ ಹಳ್ಳಿ ಹೆಸರಿನ ಹಾಗಿದೆ ಅಲ್ವಾ.

ಮೂರನೆಯದು: ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಒಂದು ಪರೀಕ್ಷೆ

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಆದರೆ ಹೆಚ್ಚಿನವರು ಇದೊಂದನ್ನೇ ಬಿಡುತ್ತಾರೆ.

ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ, ಕಂಬ, ಬಂಡಿ, ಜನ ಯಾರೂ ಇಲ್ಲದ ದೊಡ್ಡ ಲಾಟ್ ಹುಡುಕಿ, ಜಾಗದವರ ಅನುಮತಿ ಕೇಳಿಕೊಂಡು ಹೋಗಿ. 30 ಕಿ.ಮೀ. ವೇಗಕ್ಕೆ ಬಂದು, ಒಂದು ಗೊತ್ತಾದ ಜಾಗದಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ. ಪೆಡಲ್ಲು ಗಡಗಡ ಅಂದರೆ ಕಾಲು ತೆಗೆಯಬೇಡಿ, ಅದು ಎಬಿಎಸ್, ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ, ತನ್ನ ಕೆಲಸ ತಾನು ಮಾಡುತ್ತಿದೆ. ನಿಂತ ಮೇಲೆ ಇಳಿದು ಬಂದು, ಚಕ್ರದ ಗುರುತು ಎಷ್ಟು ಪಾರ್ಕಿಂಗ್ ಅಂಕಣ ದಾಟಿದೆ ಎಣಿಸಿ. ಗೆರೆ ಹಿಮದಡಿ ಹೋಗಿದ್ದರೆ ಹೆಜ್ಜೆಯಲ್ಲೇ ಅಳೆಯಿರಿ.

ಲೆಕ್ಕ ಹೀಗೆ. ಒತ್ತಿದ ಹಿಮದ ಮೇಲೆ ಟೈರಿನ ಹಿಡಿತ (ಶಾಲೆಯಲ್ಲಿ ಓದಿದ ಘರ್ಷಣೆಯ ಗುಣಾಂಕ) 0.2 ಅಂತ ಇಟ್ಟುಕೊಂಡರೆ 30ರ ವೇಗದಿಂದ ನಿಲ್ಲಲು ಸುಮಾರು 18 ಮೀಟರ್ ಬೇಕು. ಒಳ್ಳೆಯ ಟೈರಿನಲ್ಲಿ ಅದು 0.3 ಇದ್ದರೆ 12 ಸಾಕು. ಒಂದು ಅಂಕಣ ಎರಡೂವರೆ ಮೀಟರಿನ ಮೇಲೆ ಒಂಚೂರು ಅಗಲ ಇರುತ್ತದೆ ಅಂದುಕೊಂಡರೆ ಏಳು ಅಂಕಣದ ಬದಲು ನಾಲ್ಕೂವರೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ ಅನ್ನಿಸುತ್ತೆ. ವೇಗವನ್ನು 50 ಮಾಡಿ: 49 ಮೀಟರ್ ಮತ್ತು 33 ಮೀಟರ್. ಅದಕ್ಕಿಂತ ಭಯ ಹುಟ್ಟಿಸುವ ಅಂಕಿ ಒಂದಿದೆ. ಒಳ್ಳೆಯ ಟೈರಿನ ಕಾರು ನಿಂತೇಬಿಟ್ಟ ಆ ಜಾಗವನ್ನು ಇನ್ನೊಂದು ಕಾರು ದಾಟುವಾಗ ಅದರ ವೇಗ ಇನ್ನೂ 29 ಕಿ.ಮೀ. ಇರುತ್ತದೆ. ನಿಂತಿದ್ದರೆ ಏನೂ ಇಲ್ಲ, ಇಲ್ಲದಿದ್ದರೆ ಎದುರಿನ ಕಾರಿನ ಡಿಕ್ಕಿ ಒಳಗೆ. ಗಾಡಿ ಭಾರ ಇದೆ, ನೆಲಕ್ಕೆ ಒತ್ತಿ ನಿಲ್ಲುತ್ತೆ ಅನ್ನೋ ಮಾತನ್ನೂ ನಂಬಬೇಡಿ. ಭಾರ ಹಿಡಿತವನ್ನು ಹೆಚ್ಚಿಸಿದಷ್ಟೇ ನಿಲ್ಲಿಸಬೇಕಾದ ಹೊರೆಯನ್ನೂ ಹೆಚ್ಚಿಸುತ್ತದೆ. ಎಲೆಕ್ಟ್ರಿಕ್ ಕಾರಿನವರೂ ಇದನ್ನು ಕೇಳಿಸಿಕೊಳ್ಳಿ.

ಇದೇ ಪರೀಕ್ಷೆಯ ಇನ್ನೊಂದು ಭಾಗ: ನಿಂತಲ್ಲಿಂದ ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಕೊಟ್ಟು ಹೊರಡಿ. ಎಷ್ಟು ಸಲೀಸು ಅನ್ನಿಸಿತು ನೋಡಿ. ಈಗ ಬ್ರೇಕ್ ಎಷ್ಟು ಅಂಕಣ ತೆಗೆದುಕೊಂಡಿತು ಅದನ್ನೂ ನೋಡಿ. ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೋ, ನಿಮ್ಮ ಕಾರು ನಿಮಗೆ ಅಷ್ಟು ಸುಳ್ಳು ಹೇಳುತ್ತಿದೆ.

ನಾಲ್ಕನೆಯದು: ನಿಮ್ಮ ಚಳಿಗಾಲವನ್ನು ಬರೆಯಿರಿ

ಕಾಗದದ ಮೇಲೆ, ಹೋದ ಡಿಸೆಂಬರಿನಿಂದ ಮಾರ್ಚ್ ತನಕ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ರಸ್ತೆ.

401 ಥರದ ದೊಡ್ಡ ಹೈವೇಗಳನ್ನು ಹಿಮ ನಿಂತ 8 ಗಂಟೆಯೊಳಗೆ ಟಾರು ಕಾಣುವ ಹಾಗೆ ಮಾಡಬೇಕು ಅಂತ ಒಂಟಾರಿಯೊ ಪ್ರಾಂತ್ಯದ ನಿಯಮ ಇದೆ. ಅದಕ್ಕಿಂತ ಕೆಳಗಿನ ದರ್ಜೆಯ ಹೈವೇಗೆ 16 ಗಂಟೆ, ಅದರ ಕೆಳಗಿನದಕ್ಕೆ 24. ನಿಮ್ಮ ಮನೆ ಮುಂದಿನ ಬೀದಿಗೆ ಹಿಮ ತಳ್ಳುವ ಪ್ಲೋ ಗಾಡಿ ಬರೋದು ದೊಡ್ಡ ರಸ್ತೆಗಳೆಲ್ಲ ಮುಗಿದ ಮೇಲೆ. ನಾನು ಜಾರಿದ್ದು 401ನಲ್ಲಿ ಅಲ್ಲ, ಮನೆಯಿಂದ 200 ಮೀಟರ್ ದೂರದಲ್ಲಿ ಅನ್ನೋದನ್ನ ನೆನಪಿಡಿ.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ಹಿಮ ಬೀಳುತ್ತಿರುವಾಗಲೇ ಹೊರಡಲೇಬೇಕಾದ ಕೆಲಸವಾ? ಆಸ್ಪತ್ರೆ, ಗೋದಾಮು, ವಿಮಾನ ನಿಲ್ದಾಣದ ಶಿಫ್ಟು ಇದ್ದವರಿಗೆ ಬೆಳಿಗ್ಗೆ 5ಕ್ಕೆ ರಸ್ತೆ ಹೇಗಿದ್ದರೂ ಹೋಗಲೇಬೇಕು. ಅವರಿಗೆ ಈ ಲೇಖನದ ಉಳಿದ ಭಾಗ ಬೇಕಾಗಿಲ್ಲ, ಕೊಂಡುಬಿಡಿ. ಮಕ್ಕಳನ್ನು ಶಾಲೆಗೆ ಬಿಡುವವರೂ ಅಷ್ಟೇ. ಮನೆಯಿಂದಲೇ ಕೆಲಸ, ತರಕಾರಿಗೆ ವಾರಕ್ಕೊಮ್ಮೆ ಹೊರಗೆ ಅನ್ನುವವರದ್ದು ಬೇರೆ ಲೆಕ್ಕ.

ವಾರಾಂತ್ಯದಲ್ಲಿ ಉತ್ತರದ ಬ್ಯಾರಿ, ಕಾಲಿಂಗ್‌ವುಡ್, ಬ್ಲೂ ಮೌಂಟನ್ ಕಡೆ ಹೋಗ್ತೀರಾ? ಆ ದಿಕ್ಕಿನ ಹಿಮವೇ ಬೇರೆ. ಅಲ್ಲಿನ ಜಾರ್ಜಿಯನ್ ಬೇ ಅನ್ನುವ ದೊಡ್ಡ ಕೊಲ್ಲಿಯ ನೀರು ಇನ್ನೂ ಹೆಪ್ಪುಗಟ್ಟದೆ ಇರುವಾಗ ಮೇಲಿಂದ ತಣ್ಣನೆ ಗಾಳಿ ಬೀಸಿದರೆ, ನೀರಿನ ಆವಿ ಎಳೆದುಕೊಂಡು ಬಂದು ದಡದ ಮೇಲೆ ಹಿಮವಾಗಿ ಸುರಿಯುತ್ತದೆ. ಟೊರೊಂಟೊ ಪಕ್ಕದ ವಾನ್ ಊರಿನಲ್ಲಿ ಬಿಸಿಲು ಇರುತ್ತದೆ, 400 ಹೈವೇನಲ್ಲಿ ಮುಕ್ಕಾಲು ಗಂಟೆ ಉತ್ತರಕ್ಕೆ ಹೋಗುವಷ್ಟರಲ್ಲಿ ಎದುರಿನ ಕಾರಿನ ಕೆಂಪು ದೀಪ ಕೂಡ ಕಾಣಲ್ಲ. ಹೊರಡುವ ಮುಂಚೆ ರಸ್ತೆಯ ಸ್ಥಿತಿ ಹೇಳುವ 511 ಒಂಟಾರಿಯೊ ವೆಬ್‌ಸೈಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ, ಟೈರು ಯಾವುದೇ ಇರಲಿ.

ಇನ್ನೊಂದು ವಿಷಯ ಹೊಸಬರಿಗೆ ವಿಚಿತ್ರ ಅನ್ನಿಸಬಹುದು. ಮೈನಸ್ 20ರ ಐಸಿಗಿಂತ ಸೊನ್ನೆ ಹತ್ತಿರದ ಐಸು ಜಾಸ್ತಿ ಜಾರುತ್ತದೆ, ಮೇಲೆ ತೆಳುವಾಗಿ ನೀರು ನಿಂತಿರುತ್ತೆ. ದಕ್ಷಿಣ ಒಂಟಾರಿಯೊದ ಚಳಿಗಾಲ ಸೊನ್ನೆಯ ಆಚೆ ಈಚೆ ಓಡಾಡಿಕೊಂಡೇ ಇರೋದು. ಹಾಗಾಗಿ "ನಮ್ಮಲ್ಲಿ ವಿನ್ನಿಪೆಗ್ ಥರ ಚಳಿ ಇಲ್ಲವಲ್ಲ" ಅನ್ನುವ ವಾದ ನಿಲ್ಲಲ್ಲ.

ಕಾನೂನಿನ ಮಾತು ಚುಟುಕಾಗಿ. ಒಂಟಾರಿಯೊದಲ್ಲಿ ಕಡ್ಡಾಯ ಇಲ್ಲ. ಕ್ವಿಬೆಕ್‌ನಲ್ಲಿ 2008ರಿಂದ ಕಡ್ಡಾಯ. ಅಲ್ಲಿ ನೋಂದಾಯಿಸಿದ ಕಾರುಗಳಿಗೆ ಈಗ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಬೇಕು, ಆಲ್ ವೀಲ್ ಡ್ರೈವ್ ಅಂತ ರಿಯಾಯಿತಿ ಇಲ್ಲ. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೈವೇಗಳಲ್ಲಿ ಅಕ್ಟೋಬರ್ 1ರಿಂದ, ಕನಿಷ್ಠ 3.5 ಮಿ.ಮೀ. ಟ್ರೆಡ್ ಇರಬೇಕು. ಕೆಲಸ ಬದಲಾಗಿ ಮಾಂಟ್ರಿಯಲ್‌ಗೆ ಹೋಗುವ ಯೋಚನೆ ಇದ್ದರೆ ಅದನ್ನೂ ಕಾಗದದಲ್ಲಿ ಬರೆದುಕೊಳ್ಳಿ.

ಐದನೆಯದು: ದುಡ್ಡು

ನಾನು ನನ್ನ ಸೈಜಿಗೆ, ಅಂದರೆ 225/65ಆರ್17ಗೆ ಮಾಡಿದ ಲೆಕ್ಕದ ಮಾದರಿ ಕೊಡುತ್ತೇನೆ. ನಿಮ್ಮ ಅಂಗಡಿಯ ದರ ಹಾಕಿಕೊಂಡು ತಿದ್ದಿ.

ಟೈರು ಒಂದಕ್ಕೆ 200ರಂತೆ ನಾಲ್ಕಕ್ಕೆ 800. ಸ್ಟೀಲ್ ರಿಮ್ಮು ಒಂದಕ್ಕೆ 90ರಂತೆ 360. ಕೂರಿಸಿ ಬ್ಯಾಲೆನ್ಸ್ ಮಾಡಲು 100. ಒಟ್ಟು 1260, ಮೇಲೆ 13 ಪರ್ಸೆಂಟ್ ಮಾರಾಟ ತೆರಿಗೆ ಎಚ್‌ಎಸ್‌ಟಿ ಸೇರಿ 1424 ಡಾಲರ್. ಇಲ್ಲಿಗೇ ಎಲ್ಲರ ಎದೆ ಧಸಕ್ ಅನ್ನುತ್ತದೆ, ಲೆಕ್ಕ ನಿಲ್ಲಿಸುತ್ತಾರೆ. ಮುಂದೆ ಬನ್ನಿ.

ಐದು ಚಳಿಗಾಲ ಬಂದರೆ ವರ್ಷಕ್ಕೆ 285. ವರ್ಷಕ್ಕೆರಡು ಸಲ ಬದಲಾಯಿಸಲು 60ರಂತೆ 120. ಒಟ್ಟು 405. ಇನ್ನು ಕಳೆಯೋದು: 2016ರ ಜನವರಿ 1ರಿಂದ ಒಂಟಾರಿಯೊದ ಎಲ್ಲ ಕಾರ್ ಇನ್ಶೂರೆನ್ಸ್ ಕಂಪನಿಗಳೂ ವಿಂಟರ್ ಟೈರಿಗೆ ರಿಯಾಯಿತಿ ಕೊಡಲೇಬೇಕು. ಅವರಾಗಿಯೇ ಫೋನ್ ಮಾಡಿ ಕೊಡಲ್ಲ, ನೀವೇ ಕೇಳಬೇಕು, ಬಿಲ್ಲು ಜೋಪಾನ ಮಾಡಿಡಬೇಕು. 2000 ಡಾಲರ್ ಪ್ರೀಮಿಯಂ ಮೇಲೆ 5 ಪರ್ಸೆಂಟ್ ಸಿಕ್ಕರೆ 100. ಆಮೇಲೆ ಆಲ್ ಸೀಸನ್ ಟೈರು ವರ್ಷದಲ್ಲಿ ಐದು ತಿಂಗಳು ಗ್ಯಾರೇಜಿನಲ್ಲಿ ಮಲಗಿರುತ್ತಲ್ಲ, ಅಷ್ಟು ಸವೆತ ಉಳಿಯಿತು. ನಾಲ್ಕು ವರ್ಷ ಬರುವ 904 ಡಾಲರಿನ ಸೆಟ್ಟಿಗೆ ಅದು ವರ್ಷಕ್ಕೆ ಹೆಚ್ಚುಕಡಿಮೆ 95. ಈ ಎರಡೂ ಕಳೆದರೆ ಉಳಿಯೋದು ವರ್ಷಕ್ಕೆ 210 ಡಾಲರ್.

ನನ್ನ ಆ 870ರ ಬಿಲ್ಲಿಗೆ ನಾಲ್ಕು ಚಳಿಗಾಲ ಮುಗಿಯುತ್ತಿತ್ತು. ತಪ್ಪು ನಮ್ಮದು ಅಂತ ಕ್ಲೇಮ್ ಆದರೆ ಪ್ರೀಮಿಯಂ ಏರುತ್ತೆ, ಆ ಏರಿಕೆ ವರ್ಷಗಟ್ಟಲೆ ಬೆನ್ನು ಬಿಡಲ್ಲ. ಅದನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಕಾಂಡೋದಲ್ಲಿ ಇರುವವರಿಗೆ ಇನ್ನೊಂದು ಖರ್ಚು, ಟೈರ್ ಇಡುವ ಜಾಗ. ಲಾಕರ್ ಇಲ್ಲದಿದ್ದರೆ ಅಂಗಡಿಯವರೇ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ. ಬಾಲ್ಕನಿಯಲ್ಲಿ ಇಡೋದಾದರೆ ಮೊದಲು ಕಾಂಡೋ ನಿಯಮ ನೋಡಿ, ಆಮೇಲೆ ಹೆಂಡತಿಯನ್ನು ಕೇಳಿ.

ನಡುವಿನ ದಾರಿ: ಆಲ್ ವೆದರ್

ಆಲ್ ಸೀಸನ್ ಬೇರೆ, ಆಲ್ ವೆದರ್ ಬೇರೆ. ಹೆಸರಿಟ್ಟವರಿಗೆ ಒಂದು ನಮಸ್ಕಾರ. ಆಲ್ ವೆದರ್ ಟೈರಿನ ಮೇಲೆ ಆ ಬೆಟ್ಟ ಮತ್ತು ಹಿಮದ ಹರಳಿನ ಚಿತ್ರ ಇರುತ್ತದೆ, ಆದರೆ ಬೇಸಿಗೆಯಲ್ಲೂ ಓಡಿಸಬಹುದು. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2, ಟೊಯೊ ಸೆಲ್ಸಿಯಸ್, ಬ್ರಿಜ್‌ಸ್ಟೋನ್ ವೆದರ್‌ಪೀಕ್ ಈ ಜಾತಿಯವು. ವರ್ಷಕ್ಕೆರಡು ಸಲ ಅಂಗಡಿ ಮುಂದೆ ಕಾಯುವ ತಾಪತ್ರಯ ಇಲ್ಲ, ಇನ್ನೊಂದು ಸೆಟ್ ರಿಮ್ ಬೇಡ, ಜಾಗ ಬೇಡ.

ಮಿಸಿಸಾಗಾ, ಬ್ರ್ಯಾಂಪ್ಟನ್, ಮಾರ್ಕಮ್ ಒಳಗೇ ಓಡಾಡುವ, ಹಿಮದ ದಿನ ಮನೆಯಲ್ಲೇ ಉಳಿಯಬಲ್ಲ ಆಲ್ ವೀಲ್ ಡ್ರೈವ್ ಮಾಲೀಕನಿಗೆ ಇದು ಸಾಕು ಅನ್ನೋದು ನನ್ನ ಅಭಿಪ್ರಾಯ. ನಾಲ್ಕೂ ಚಕ್ರದ ಎಳೆತ ಹೇಗೂ ಕಾರಿನಲ್ಲಿದೆ, ಬ್ರೇಕಿಗೆ ಬೇಕಾದ ಹಿಡಿತವನ್ನು ಈ ಟೈರು ಸಾಕಷ್ಟು ಕೊಡುತ್ತೆ. ಆದರೆ ಐಸಿನ ಮೇಲೆ ಬ್ಲಿಝ್ಯಾಕ್, ಎಕ್ಸ್-ಐಸ್ ಥರದ ಪಕ್ಕಾ ವಿಂಟರ್ ಟೈರಿಗೆ ಇವು ಸಮ ಅಲ್ಲ. ಬ್ಯಾರಿ ಕಡೆ ಮನೆ, ಒಟ್ಟಾವಾದಲ್ಲಿ ಕೆಲಸ, ಇಳಿಜಾರಿನ ಬೀದಿ, ರಾತ್ರಿ ಶಿಫ್ಟು, ಇವುಗಳಲ್ಲಿ ಒಂದಿದ್ದರೂ ನಾನು ಪಕ್ಕಾ ವಿಂಟರ್ ಟೈರನ್ನೇ ಹಾಕಿಸುತ್ತೇನೆ.

ಯಾರಿಗೆ ಬೇಡವೇ ಬೇಡ

ಇದ್ದಾರೆ. ಡಿಸೆಂಬರ್ ಮಧ್ಯದಲ್ಲಿ ಊರಿಗೆ ಹೋಗಿ ಫೆಬ್ರವರಿ ಕೊನೆಗೆ ಬರುವವರು, ಗೋ ಟ್ರೈನು ಹಿಡಿದು ಕೆಲಸಕ್ಕೆ ಹೋಗಿ ಕಾರನ್ನು ದೇವಸ್ಥಾನಕ್ಕೆ ಮಾತ್ರ ತೆಗೆಯುವವರು, ಏಪ್ರಿಲ್‌ನಲ್ಲಿ ಲೀಸ್ ಮುಗಿದು ಕಾರು ವಾಪಸ್ ಕೊಡುವವರು. ಮನೆಯಲ್ಲಿ ಎರಡು ಕಾರಿದ್ದರೆ ಒಂದಕ್ಕೆ ಹಾಕಿಸಿ, ಹಿಮದ ದಿನ ಅದನ್ನೇ ತೆಗೆಯಿರಿ. ಅಂಥ ಸಮಯದಲ್ಲಿ ಆಲ್ ವೀಲ್ ಡ್ರೈವ್ ಕಾರಿಗೇ ಹಾಕಬೇಕು ಅಂತಿಲ್ಲ. ಫ್ರಂಟ್ ವೀಲ್ ಡ್ರೈವ್ ಸೆಡಾನಿಗೆ ವಿಂಟರ್ ಟೈರ್ ಹಾಕಿ ಟೊರೊಂಟೊದಲ್ಲಿ ಇಪ್ಪತ್ತು ವರ್ಷ ಓಡಿಸಿದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಕೊಳ್ಳೋದು ಅಂತ ಆದರೆ

ನಾಲ್ಕೂ ಒಟ್ಟಿಗೆ. ದುಡ್ಡು ಉಳಿಸಲು ಎರಡು ಹಾಕಿಸೋಣ ಅನ್ನುವ ಐಡಿಯಾ ಯಾವ ಕಾರಿಗೂ ಒಳ್ಳೆಯದಲ್ಲ. ಮುಂದೆ ಮಾತ್ರ ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಸುತ್ತಿಬಿಡುತ್ತದೆ. ಆಲ್ ವೀಲ್ ಡ್ರೈವಿಗೆ ಇನ್ನೂ ಒಂದು ತೊಂದರೆ: ಟೈರುಗಳ ಸುತ್ತಳತೆ ಬೇರೆ ಬೇರೆ ಆದರೆ ಮುಂದಿನ ಮತ್ತು ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ನಡುವಿನ ಕ್ಲಚ್ಚು, ಡಿಫರೆನ್ಷಿಯಲ್ಲು ಬಿಡುವಿಲ್ಲದೆ ಉಜ್ಜಿ ಹಾಳಾಗುತ್ತವೆ. ಸುಬಾರುವಿನಲ್ಲಿ ಈ ವ್ಯತ್ಯಾಸ ಕಾಲಿಂಚು ದಾಟಬಾರದು ಅನ್ನುತ್ತಾರೆ. ಒಂದು ಟೈರು ಹರಿದರೂ ನಾಲ್ಕು ಕೊಳ್ಳಬೇಕಾಗಿ ಬರೋದು ಇದಕ್ಕೇ.

19 ಇಂಚಿನ ರಿಮ್ ಇರುವವರು 17ಕ್ಕೆ ಇಳಿಯಬಹುದಾ ಕೇಳಿ. ಟೈರು ಅಗ್ಗ, ಪಕ್ಕದ ಗೋಡೆ ಎತ್ತರ ಆಗುವುದರಿಂದ ಗುಂಡಿಗೆ ಬಿದ್ದಾಗ ರಿಮ್ಮು ಉಳಿಯುತ್ತದೆ. ಒಳಗಿನ ಬ್ರೇಕ್ ಕ್ಯಾಲಿಪರಿಗೆ ತಗುಲಬಾರದು, ಅದನ್ನು ನೋಡಿಕೊಳ್ಳಿ. ಭಾರ ಹೊರುವ ಅಂಕಿ ಮಾತ್ರ ಕಾರಿನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇದ್ದಷ್ಟೋ ಜಾಸ್ತಿಯೋ ಇರಲಿ.

ಬೇರೆ ರಿಮ್ಮಿಗೆ ಗಾಳಿಯ ಸೆನ್ಸರ್ ಹಾಕಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕೆನಡಾದಲ್ಲಿ ಅದು ಕಡ್ಡಾಯ ಅಲ್ಲ. ಹಾಕಿಸದಿದ್ದರೆ ಇಡೀ ಚಳಿಗಾಲ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿರುತ್ತೆ, ನಾನು ಅದಕ್ಕೆ ಒಗ್ಗಿಹೋಗಿದ್ದೇನೆ. ಆದರೆ ಗೇಜು ಇಟ್ಟುಕೊಂಡು ತಿಂಗಳಿಗೊಮ್ಮೆ ಗಾಳಿ ನೋಡುತ್ತೇನೆ. ಉಷ್ಣತೆ 5, 6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ, ಅಕ್ಟೋಬರಿನಲ್ಲಿ ಸರಿ ಇದ್ದ ಟೈರು ಜನವರಿಯಲ್ಲಿ ಸೊರಗಿರುತ್ತದೆ.

ಅಂಗಡಿಗೆ ಸೆಪ್ಟೆಂಬರ್ ಕೊನೆಗೇ ಫೋನ್ ಮಾಡಿ. ಮೊದಲ ಹಿಮದ ಮಾರನೇ ದಿನ ಮಾಡಿದರೆ ಮೂರು ವಾರದ ನಂತರ ಬನ್ನಿ ಅನ್ನುತ್ತಾರೆ, ನಿಮ್ಮ ಸೈಜು ಖಾಲಿ ಆಗಿರುತ್ತದೆ. ಹಾಕಿಸಿಕೊಂಡು ನೂರು ಕಿ.ಮೀ. ಓಡಿದ ಮೇಲೆ ವಾಪಸ್ ಹೋಗಿ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಿಸಿ. ಹೆಚ್ಚಿನ ಕಡೆ ಇದಕ್ಕೆ ದುಡ್ಡು ತಗೊಳ್ಳಲ್ಲ, ಆದರೂ ಹತ್ತರಲ್ಲಿ ಒಬ್ಬರು ಹೋದರೆ ಹೆಚ್ಚು.

ಹಾಕಿದ ಮೇಲೆ ಲಾಟಿಗೆ ಹೋಗಿ ಅದೇ 30ರ ಪರೀಕ್ಷೆ ಮತ್ತೊಮ್ಮೆ ಮಾಡಿ. ನನಗೆ ಆರು ಅಂಕಣ ಇದ್ದದ್ದು ನಾಲ್ಕಕ್ಕೆ ಬಂತು. ಸೊನ್ನೆಗೆ ಬರಲಿಲ್ಲ! ರಸ್ತೆ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕಟ್ಟುವ ಬ್ಲ್ಯಾಕ್ ಐಸ್ ಮೇಲೆ ಯಾವ ಟೈರೂ ನಿಧಾನ ಮಾಡಿದವರಿಗಷ್ಟೇ ಕೆಲಸಕ್ಕೆ ಬರೋದು.

ಏಪ್ರಿಲ್‌ನಲ್ಲಿ ಬೆಳಗಿನ ಹೊತ್ತೂ 7 ಡಿಗ್ರಿ ದಾಟತೊಡಗಿದರೆ ತೆಗೆಸಿಬಿಡಿ, ಬಿಸಿ ಟಾರಿನ ಮೇಲೆ ಮೆದು ರಬ್ಬರು ಪೆನ್ಸಿಲ್ ರಬ್ಬರಿನಂತೆ ಸವೆಯುತ್ತದೆ. ಎತ್ತಿಡುವ ಮುಂಚೆ ಉಪ್ಪು ತೊಳೆದು, ಯಾವುದು ಯಾವ ಮೂಲೆಯಲ್ಲಿ ಇತ್ತು ಅಂತ ಸೀಮೆಸುಣ್ಣದಲ್ಲಿ ಬರೆದಿಡಿ, ಮುಂದಿನ ವರ್ಷ ಮುಂದಿನದನ್ನು ಹಿಂದಕ್ಕೆ ಹಾಕಿಸಲು. ನಾನು ಮೊದಲ ವರ್ಷ "ಮು.ಎ", "ಹಿಂ.ಬ" ಅಂತ ಕನ್ನಡದಲ್ಲೇ ಬರೆದಿದ್ದೆ. ನವೆಂಬರಿನಲ್ಲಿ ಅಂಗಡಿಯ ಹುಡುಗ ಟೈರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಇದು ಯಾವ ಕಂಪನಿಯ ಗುರುತು ಸರ್ ಅಂತ ಕೇಳಿದ. ಈಗ ಪಕ್ಕದಲ್ಲಿ ಒಂದು ಬಾಣದ ಗುರುತೂ ಹಾಕುತ್ತೇನೆ.